ತಿಂಗಳಿಗೆ ಎಷ್ಟು ತಲೆನೋವಿನ ಮಾತ್ರೆ?

ನಾಸಿಕ್‌ನ ಸಾತಪುರ, ಅಂಬಡ ಇರಲಿ, ಛತ್ರಪತಿ ಸಂಭಾಜಿನಗರದ ವಾಳೂಜ, ಚಿಕಲಠಾಣಾ ಇರಲಿ, ಕೈಗಾರಿಕಾ ಪ್ರದೇಶದ ಬಳಿ ಮನೆ ಮಾಡಿದ ಕನ್ನಡಿಗರಿಗೆ ಬೇಗ ಪರಿಚಯವಾಗುವ ಅಂಗಡಿಗಳಲ್ಲಿ ಮೆಡಿಕಲ್ ಸ್ಟೋರ್ ಒಂದು. ಬೀದರ್, ಕಲಬುರಗಿ ಕಡೆಯವರಿಗೆ ಮರಾಠಿ ಅಷ್ಟಿಷ್ಟು ಬರುತ್ತದೆ. ಹಾಸನ, ಶಿವಮೊಗ್ಗದಿಂದ ಬಂದವರಿಗೆ ಅದೂ ಕಷ್ಟ. ನೋವು ಸಿಡಿಯುತ್ತದೋ, ಪಟ್ಟಿ ಕಟ್ಟಿದಂತೆ ಬಿಗಿಯುತ್ತದೋ ಎಂದು ವೈದ್ಯರಿಗೆ ವಿವರಿಸಲು ಭಾಷೆ ಬೇಕು. ಸಾರಿಡಾನ್, ಡೋಲೊ, ಕಾಂಬಿಫ್ಲಾಮ್ ಎಂದು ಕೇಳಲು ಯಾವ ಭಾಷೆಯೂ ಬೇಡ. ಹಾಗಾಗಿ ನೈಟ್ ಶಿಫ್ಟ್ ಮುಗಿಸಿದವರು, ಬಿಸಿಲಲ್ಲಿ ಸುತ್ತಿದವರು, ಮನೆ ಮಕ್ಕಳು ಎಂದು ನಿದ್ದೆಗೆಟ್ಟವರು ಒಂದು ಮಾತ್ರೆ ನುಂಗಿ ಮುಂದಿನ ಕೆಲಸಕ್ಕೆ ಹೋಗುತ್ತಾರೆ.

ಅಪರೂಪಕ್ಕೊಮ್ಮೆ ಹೀಗೆ ಮಾಡಿದರೆ ತೊಂದರೆಯಿಲ್ಲ. ವಾರಕ್ಕೆ ಮೂರು ನಾಲ್ಕು ದಿನ ಮಾತ್ರೆ ಬೇಕಾಗತೊಡಗಿದರೆ ಲೆಕ್ಕ ಬದಲಾಗುತ್ತದೆ. ನೋವು ನಿವಾರಕವೇ ನೋವಿಗೆ ಕಾರಣವಾಗುವ ಸ್ಥಿತಿಯೊಂದಿದೆ. ವೈದ್ಯರು ಅದನ್ನು ಔಷಧ ಅತಿಬಳಕೆಯ ತಲೆನೋವು ಎನ್ನುತ್ತಾರೆ. ಮೊದಲೇ ಮೈಗ್ರೇನ್ ಅಥವಾ ಒತ್ತಡದ ತಲೆನೋವು ಇದ್ದವರು ಪದೇಪದೇ ಮಾತ್ರೆ ತೆಗೆದುಕೊಂಡಾಗ ಮಿದುಳಿನ ನೋವಿನ ವ್ಯವಸ್ಥೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಮಾತ್ರೆಯ ಪ್ರಭಾವ ಇಳಿದೊಡನೆ ನೋವು ಮರಳುತ್ತದೆ, ಮತ್ತೆ ಮಾತ್ರೆ ಬೇಕಾಗುತ್ತದೆ. ಬರೀ ಮಂಡಿನೋವಿಗೆ ದಿನವೂ ಮಾತ್ರೆ ನುಂಗುವವರಲ್ಲಿ ಸಾಮಾನ್ಯವಾಗಿ ಹೀಗಾಗುವುದಿಲ್ಲ. ತಲೆನೋವಿನ ಸ್ವಭಾವ ಇರುವವರಿಗೇ ಈ ಅಪಾಯ.

ಇದು ನಮ್ಮವರಲ್ಲೂ ಇದೆ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 18ರಿಂದ 65 ವಯಸ್ಸಿನ 2,329 ಜನರನ್ನು ಮನೆಮನೆಗೆ ಹೋಗಿ ಮಾತನಾಡಿಸಿದ ನಿಮ್ಹಾನ್ಸ್ ತಜ್ಞರ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ವರ್ಷದಲ್ಲಿ ಒಮ್ಮೆಯಾದರೂ ತಲೆನೋವು ಬಂದವರು ಶೇ. 63.9. ಮೈಗ್ರೇನ್ ಇದ್ದವರು ಶೇ. 25ರಷ್ಟು, ಅಂದರೆ ನಾಲ್ವರಲ್ಲಿ ಒಬ್ಬರು. ಔಷಧ ಅತಿಬಳಕೆಯ ತಲೆನೋವು ಇರಬಹುದಾದವರು ಶೇ. 1.2. ಇದು ಗಂಡಸರಿಗಿಂತ ಹೆಂಗಸರಲ್ಲಿ ಐದು ಪಟ್ಟು ಹೆಚ್ಚು ಕಂಡುಬಂತು. ಪಟ್ಟಣಕ್ಕಿಂತ ಹಳ್ಳಿಯಲ್ಲೇ ಜಾಸ್ತಿ.

ಎಷ್ಟಾದರೆ ಅತಿ? ಅಂತರರಾಷ್ಟ್ರೀಯ ತಲೆನೋವು ವರ್ಗೀಕರಣದ ಅಳತೆ ಸರಳವಾಗಿದೆ. ಬರೀ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್‌ನಂಥ ಒಂದೇ ಔಷಧವಾದರೆ ತಿಂಗಳಲ್ಲಿ 15 ದಿನ. ಎರಡು ಮೂರು ಔಷಧ ಬೆರೆತ ಮಾತ್ರೆಯಾದರೆ 10 ದಿನ. ಮೂರು ತಿಂಗಳಿಗೂ ಹೆಚ್ಚು ಕಾಲ ಹೀಗೇ ನಡೆದು, ತಿಂಗಳಲ್ಲಿ 15 ದಿನ ಅಥವಾ ಹೆಚ್ಚು ತಲೆನೋವಿದ್ದರೆ ಈ ತೊಂದರೆ ಇದೆ ಎಂದು ಶಂಕಿಸಬೇಕು. ಇಲ್ಲಿ ಎಣಿಸಬೇಕಾದದ್ದು ಮಾತ್ರೆ ನುಂಗಿದ ದಿನಗಳನ್ನು, ಮಾತ್ರೆಗಳನ್ನಲ್ಲ.

ಬೆರೆತ ಮಾತ್ರೆಗೆ ಸಾರಿಡಾನ್ ಉದಾಹರಣೆ. ಅದರಲ್ಲಿ ಪ್ರೊಪಿಫೆನಜೋನ್, ಪ್ಯಾರಾಸಿಟಮಾಲ್, ಕೆಫೀನ್ ಮೂರೂ ಇವೆ. 2018ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ 328 ಮಿಶ್ರ ಔಷಧಗಳನ್ನು ನಿಷೇಧಿಸಿದಾಗ ಈ ಮಿಶ್ರಣವೂ ಪಟ್ಟಿಯಲ್ಲಿತ್ತು. ಸುಪ್ರೀಂ ಕೋರ್ಟ್ ಮಾರಾಟಕ್ಕೆ ಅವಕಾಶ ಕೊಟ್ಟಿತು. ಅಂಗಡಿಯಲ್ಲಿ ಸಿಗುತ್ತದೆ ಎಂದ ಮಾತ್ರಕ್ಕೆ ವಾರಗಟ್ಟಲೆ ನುಂಗಬಹುದು ಎಂದಲ್ಲ. ಕೆಫೀನ್ ಅಭ್ಯಾಸವಾದರೆ, ಅದು ತಪ್ಪಿದ ದಿನವೇ ತಲೆ ಹಿಡಿಯುತ್ತದೆ.

ತಲೆಯಾಚೆಗೂ ಹಾನಿಯಿದೆ. ದೊಡ್ಡವರಿಗೆ ದಿನಕ್ಕೆ ಪ್ಯಾರಾಸಿಟಮಾಲ್ 4 ಗ್ರಾಂ ಮೀರಬಾರದು. 650 ಮಿಲಿಗ್ರಾಂ ಮಾತ್ರೆ ಆರು ನುಂಗಿದರೆ ಹೆಚ್ಚುಕಡಿಮೆ ಅಲ್ಲಿಗೆ ಮುಟ್ಟಿತು. ನೆಗಡಿ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇರುವುದುಂಟು. ಅಳತೆ ಮೀರಿದರೆ ಯಕೃತ್ತಿಗೆ ಪೆಟ್ಟು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಹೊಟ್ಟೆಹುಣ್ಣು ತರಬಹುದು, ಬಿಪಿ ಏರಿಸಬಹುದು. ಮರಾಠವಾಡದ ಬೇಸಿಗೆಯಲ್ಲಿ ನೀರು ಕುಡಿಯದೆ ಬೆವರು ಸುರಿಸಿ ಇವನ್ನು ನುಂಗಿದರೆ ಮೂತ್ರಪಿಂಡಕ್ಕೆ ಹೊರೆ ಹೆಚ್ಚು.

ಹೊರಬರುವ ದಾರಿ ಇದೆ. ಗೋಡೆಯ ಕ್ಯಾಲೆಂಡರಿನಲ್ಲಿ ತಲೆನೋವಿನ ದಿನಕ್ಕೆ ಒಂದು ಗುರುತು, ಮಾತ್ರೆಯ ದಿನಕ್ಕೆ ಇನ್ನೊಂದು ಗುರುತು ಹಾಕಿ. ಒಂದು ತಿಂಗಳ ಹಾಳೆಯನ್ನು ವೈದ್ಯರಿಗೆ ತೋರಿಸಿ. ಭಾಷೆ ಬಾರದಿದ್ದರೂ ಆ ಹಾಳೆ ಅರ್ಧ ಕಥೆ ಹೇಳುತ್ತದೆ. ಮರಾಠಿಯಲ್ಲಿ ತಲೆನೋವು ‘ಡೋಕೇದುಖೀ’, ನಮ್ಮ ಅರೆತಲೆನೋವು ಅಲ್ಲಿ ‘ಅರ್ಧಶಿಶೀ’, ಮಾತ್ರೆ ‘ಗೋಳೀ’. ಸಂಭಾಜಿನಗರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯನ್ನು ‘ಘಾಟಿ’ ಎಂದರೆ ಆಟೋದವರಿಗೆಲ್ಲ ಗೊತ್ತು. ನಾಸಿಕ್‌ನಲ್ಲಿ ಜಿಲ್ಲಾ ಆಸ್ಪತ್ರೆಗೆ ‘ಸಿವಿಲ್’ ಎಂದರೆ ಸಾಕು.

ಮಾತ್ರೆ ನಿಲ್ಲಿಸಿದ ಮೊದಲ ಕೆಲವು ದಿನ, ಕೆಲವರಿಗೆ ಎರಡು ವಾರದವರೆಗೂ, ನೋವು ಹೆಚ್ಚುತ್ತದೆ. ಬಹಳ ಜನ ಸೋಲುವುದು ಇಲ್ಲೇ. ಇದು ಮುಂಚೆಯೇ ಗೊತ್ತಿದ್ದರೆ ರಜೆ ನೋಡಿಕೊಂಡು, ಮನೆಯವರಿಗೆ ಹೇಳಿ ತಯಾರಾಗಬಹುದು. ಟ್ರಮಡಾಲ್, ಕೊಡೀನ್ ಇರುವ ಅಥವಾ ನಿದ್ದೆ ಬರಿಸುವ ಮಾತ್ರೆಗಳನ್ನು ಮಾತ್ರ ತಾವಾಗಿ ಒಮ್ಮೆಲೇ ನಿಲ್ಲಿಸಬಾರದು. ಪದೇಪದೇ ಮೈಗ್ರೇನ್ ಬರುವವರಿಗೆ ಪ್ರೊಪ್ರನಲಾಲ್, ಅಮಿಟ್ರಿಪ್ಟಿಲಿನ್‌ನಂಥ ತಡೆ ಔಷಧಗಳನ್ನು ವೈದ್ಯರು ಕೊಡುತ್ತಾರೆ.

ಕೆಲವು ತಲೆನೋವಿಗೆ ಕ್ಯಾಲೆಂಡರ್ ಹಿಡಿದು ಕಾಯುವಂತಿಲ್ಲ. ಸಿಡಿಲು ಬಡಿದಂತೆ ಏಕಾಏಕಿ ಬಂದ ನೋವು, ಜ್ವರದೊಂದಿಗೆ ಕುತ್ತಿಗೆ ಬಿಗಿತ, ಕೈಕಾಲು ಸೋಲುವುದು, ಮಾತು ತೊದಲುವುದು, ದೃಷ್ಟಿ ಮಸುಕು, ತಲೆಗೆ ಪೆಟ್ಟು ಬಿದ್ದ ನಂತರದ ನೋವು, ಗರ್ಭಿಣಿಯರ ತೀವ್ರ ತಲೆನೋವು – ಇವುಗಳಲ್ಲಿ ಯಾವುದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಿ. 50 ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವನ್ನೂ ತಡಮಾಡದೆ ತೋರಿಸಿ. ಉಳಿದವರು ಇವತ್ತೇ ಎಣಿಸಿ ನೋಡಿ: ಕಳೆದ ತಿಂಗಳು ಎಷ್ಟು ದಿನ ಮಾತ್ರೆ ನುಂಗಿದಿರಿ?