ಆಕಾಶದ ಗಡಿಗೆ ಚೆಕ್‌ಪೋಸ್ಟ್ ಇಲ್ಲ

ಹೊಸೂರು: ಅತ್ತಿಬೆಲೆಯಲ್ಲಿ ಗಡಿ ದಾಟುವವರಿಗೆ ಅದು ಗಡಿ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಬೋರ್ಡಿನ ಅಕ್ಷರ ಬದಲಾಗುತ್ತದೆ, ಬಸ್ಸಿನ ಬಣ್ಣ ಬದಲಾಗುತ್ತದೆ. ಆದರೆ ತಳಿ ರಸ್ತೆಯ ಬೆಳಗೊಂಡಪಲ್ಲಿಯಿಂದ ಮೇಲಕ್ಕೇರುವ ಪುಟ್ಟ ವಿಮಾನಕ್ಕೆ ಇಂಥ ಗುರುತು ಯಾವುದೂ ಸಿಗದು. ಮೇಲೆಯೂ ಗಡಿಗಳಿವೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ಬೆಳಗೊಂಡಪಲ್ಲಿಯಲ್ಲಿರುವುದು ತನೇಜಾ ಏರೋಸ್ಪೇಸ್ ಕಂಪನಿಯ ಖಾಸಗಿ ರನ್‌ವೇ. ಬೆಂಗಳೂರಿನ ಎನ್‌ಎಎಲ್ ವಿಜ್ಞಾನಿಗಳು ರೂಪಿಸಿದ ಎರಡು ಸೀಟಿನ 'ಹಂಸ-3' ತಯಾರಾಗಿದ್ದು ಇಲ್ಲೇ. ಅಂಥ ವಿಮಾನ ನಿಮಿಷಕ್ಕೆ ಹೆಚ್ಚುಕಡಿಮೆ 3 ಕಿ.ಮೀ. ಹಾರುತ್ತದೆ. ಅಂದರೆ ಮೂರು ನಿಮಿಷಕ್ಕೆ ಆನೇಕಲ್. ನೇರ ಲೆಕ್ಕದಲ್ಲಿ ಸುಮಾರು 35 ಕಿ.ಮೀ. ದೂರದ ಎಚ್‌ಎಎಲ್ ನಿಲ್ದಾಣಕ್ಕೆ ಹನ್ನೆರಡು ನಿಮಿಷ ಸಾಕು. ಅದರಾಚೆ ಜಕ್ಕೂರಿನ ತರಬೇತಿ ಶಾಲೆ, ಯಲಹಂಕದ ವಾಯುನೆಲೆ, 2008ರಿಂದ ದೇವನಹಳ್ಳಿ. ಇಷ್ಟು ಕಿಕ್ಕಿರಿದ ಆಕಾಶದಲ್ಲಿ ಎಲ್ಲಿ ಬೇಕಾದರೂ ನುಗ್ಗುವ ಹಾಗಿಲ್ಲ.

ದೊಡ್ಡ ನಿಲ್ದಾಣದ ಸುತ್ತ ನಿಯಂತ್ರಿತ ವಾಯುಪ್ರದೇಶ ಇರುತ್ತದೆ. ಕೆಳಗೆ ಸಣ್ಣ ಪಾತ್ರೆ, ಅದರ ಮೇಲೆ ಅಗಲದ ಪಾತ್ರೆ, ಅದರ ಮೇಲೆ ಇನ್ನೂ ಅಗಲದ್ದು ಜೋಡಿಸಿಟ್ಟ ಹಾಗೆ ಅಂದುಕೊಳ್ಳಿ. ನಿಲ್ದಾಣದ ಹತ್ತಿರ ಗಡಿ ನೆಲದಿಂದಲೇ ಶುರು. ದೂರ ಹೋದಂತೆ ಒಂದಿಷ್ಟು ಎತ್ತರದವರೆಗೆ ಬಿಡುವು, ಅದರ ಮೇಲೆ ಮತ್ತೆ ಗಡಿ. ಒಳಗೆ ಹೋಗಲು ಕಂಟ್ರೋಲರ್ ರೇಡಿಯೊದಲ್ಲಿ ಅನುಮತಿ ಕೊಡಬೇಕು. ಸಾಲದ್ದಕ್ಕೆ ನಮ್ಮ ದೇಶದಲ್ಲಿ ಊರಿಂದೂರಿಗೆ ಹಾರಬೇಕಾದರೆ ಮೊದಲೇ ಪ್ಲಾನ್ ಸಲ್ಲಿಸಿ, ವಾಯು ರಕ್ಷಣಾ ಅನುಮತಿಯ ನಂಬರ್ ಪಡೆಯಬೇಕು.

ಮೊದಲು ಖಾಸಗಿ ಪೈಲಟ್‌ಗಳು ದಿಕ್ಸೂಚಿ, ಗಡಿಯಾರ, ತೊಡೆ ಮೇಲೊಂದು ನಕ್ಷೆ ಇಟ್ಟುಕೊಂಡು ಹಾರುತ್ತಿದ್ದರು. ಹೊಸೂರಿನ ಸುತ್ತ ಆದರೆ ಚಂದ್ರಚೂಡೇಶ್ವರ ಬೆಟ್ಟ, ಕೆಲವರಪಲ್ಲಿ ಅಣೆಕಟ್ಟಿನ ನೀರು, ಹೆದ್ದಾರಿ, ಸೇಲಂ ರೈಲು ಹಳಿ, ಇವೇ ಗುರುತು. ಆಮೇಲೆ ಜಿಪಿಎಸ್ ಬಂತು. 2000ದ ಮೇ ತಿಂಗಳಲ್ಲಿ ಅಮೆರಿಕ ಅದರ ಸಿಗ್ನಲ್‌ಗೆ ಬೇಕಂತಲೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ನೂರು ಮೀಟರ್‌ವರೆಗೆ ಆಗುತ್ತಿದ್ದ ವ್ಯತ್ಯಾಸ ಹತ್ತಿಪ್ಪತ್ತು ಮೀಟರ್‌ಗೆ ಇಳಿಯಿತು. ಈಗ ಟ್ಯಾಬ್ಲೆಟ್‌ನಲ್ಲೇ ನಕ್ಷೆ, ನಕ್ಷೆಯ ಮೇಲೆ ಓಡುವ ಪುಟ್ಟ ವಿಮಾನದ ಚಿತ್ರ. ಇದರಿಂದ ದಾರಿ ತಪ್ಪುವುದು ಬಹಳ ಕಡಿಮೆಯಾಗಿದೆ ಅನ್ನುವುದನ್ನು ಒಪ್ಪಲೇಬೇಕು.

ತೊಂದರೆ ಇರುವುದು ಬೇರೆ ಕಡೆ. ಗೆರೆ ಎಲ್ಲಿದೆ ಅಂತ ಮೀಟರ್ ಲೆಕ್ಕದಲ್ಲಿ ಕಾಣುವುದರಿಂದ ಪೈಲಟ್ ಗೆರೆಯ ಪಕ್ಕದಲ್ಲೇ ಹಾರುವ ಧೈರ್ಯ ಮಾಡುತ್ತಾನೆ. ಹಿಂದೆ ಗೆರೆ ಸರಿಯಾಗಿ ಗೊತ್ತಾಗದೆ ಐದಾರು ಕಿ.ಮೀ. ದೂರ ಇರುತ್ತಿದ್ದವನು ಈಗ ಅರ್ಧ ಕಿ.ಮೀ.ಗೆ ಬಂದಿದ್ದಾನೆ. ಪಕ್ಕದಿಂದ ಗಾಳಿ ತಳ್ಳಿತು ಅಂದರೆ ಅರ್ಧ ಕಿ.ಮೀ. ಕರಗಲು ಎಷ್ಟು ಹೊತ್ತು? 'ನೇರ ಹೋಗು' ಅಂತ ಗುಂಡಿ ಒತ್ತಿದರೆ ಯಂತ್ರ ಎರಡು ಊರಿನ ನಡುವೆ ಗೆರೆ ಎಳೆದುಬಿಡುತ್ತದೆ. ಅದು ಯಾರ ಅಂಗಳದ ಮೇಲೆ ಹೋಗುತ್ತದೆ ಅಂತ ನೋಡಬೇಕಾದವನು ಪೈಲಟ್ಟೇ.

ಎತ್ತರದ ವಿಷಯ ಇನ್ನೂ ಸೂಕ್ಷ್ಮ. ಕಂಟ್ರೋಲರ್‌ಗಳು ಎತ್ತರ ಅಳೆಯುವುದು ಗಾಳಿಯ ಒತ್ತಡದ ಮೇಲೆ, ಜಿಪಿಎಸ್ ಅಳೆಯುವುದು ಉಪಗ್ರಹದ ಲೆಕ್ಕದ ಮೇಲೆ. ಎರಡೂ ಒಂದೇ ಅಂಕಿ ತೋರಿಸಬೇಕಾಗಿಲ್ಲ. ಆಲ್ಟಿಮೀಟರ್‌ನಲ್ಲಿ ಆ ದಿನದ ಒತ್ತಡ ಹೊಂದಿಸುವಾಗ ಒಂದು ಮಿಲಿಬಾರ್ ತಪ್ಪಿದರೆ ಎತ್ತರ ಸುಮಾರು 30 ಅಡಿ ತಪ್ಪುತ್ತದೆ. ಹತ್ತು ತಪ್ಪಿದರೆ 300 ಅಡಿ ಹೋಯ್ತು. ಅದೂ ಅಲ್ಲದೆ ನಮ್ಮ ಈ ಸೀಮೆಯ ನೆಲವೇ ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ನೆಲದಿಂದ ಎಷ್ಟು, ಸಮುದ್ರದಿಂದ ಎಷ್ಟು ಅನ್ನುವ ಲೆಕ್ಕ ತಲೆಯಲ್ಲಿ ಸದಾ ಓಡುತ್ತಿರಬೇಕು.

ಹಾಗೆ ಗೆರೆ ದಾಟಿದರೆ ಏನಾಗುತ್ತದೆ? 1986ರ ಆಗಸ್ಟ್ 31ರಂದು ಅಮೆರಿಕದ ಲಾಸ್ ಏಂಜಲೀಸ್ ಬಳಿ ಮೂವರಿದ್ದ ಪೈಪರ್ ವಿಮಾನವೊಂದು ಅನುಮತಿ ಇಲ್ಲದೆ ನಿಯಂತ್ರಿತ ಪ್ರದೇಶದೊಳಗೆ ಬಂದು, ಇಳಿಯಲು ಬರುತ್ತಿದ್ದ ಏರೋಮೆಕ್ಸಿಕೊ ಜೆಟ್‌ಗೆ ಸುಮಾರು 6,500 ಅಡಿ ಎತ್ತರದಲ್ಲಿ ಬಡಿಯಿತು. ಎರಡೂ ವಿಮಾನಗಳಲ್ಲಿದ್ದ 67 ಜನ, ಕೆಳಗೆ ಸೆರಿಟೋಸ್ ಊರಿನ ಮನೆಗಳಲ್ಲಿದ್ದ 15 ಜನ ಸತ್ತರು. ಭಾನುವಾರ ಮನೆಯಲ್ಲಿ ಕೂತವರ ಮೇಲೆ ವಿಮಾನ ಬಿತ್ತು. ಆಗ ಇನ್ನೂ ಇಂಥ ವಿಮಾನಗಳಲ್ಲಿ ಜಿಪಿಎಸ್ ಇರಲಿಲ್ಲ. ಪೈಪರ್‌ನ ಟ್ರಾನ್ಸ್‌ಪಾಂಡರ್ ಎತ್ತರವನ್ನು ಕಂಟ್ರೋಲರ್‌ಗೆ ತಿಳಿಸುವಂಥದ್ದೂ ಆಗಿರಲಿಲ್ಲ. ಎತ್ತರ ತಿಳಿಸುವ ಟ್ರಾನ್ಸ್‌ಪಾಂಡರ್, ಡಿಕ್ಕಿ ಎಚ್ಚರಿಕೆ ಯಂತ್ರ ಅಲ್ಲಿ ಕಡ್ಡಾಯವಾಗಿದ್ದು ಈ ಅಪಘಾತದ ನಂತರವೇ.

ಅಂದು ಪೈಲಟ್‌ಗೆ ಇಂದಿನ ಟ್ಯಾಬ್ಲೆಟ್ ಇದ್ದಿದ್ದರೆ ಅಷ್ಟು ಜೀವ ಉಳಿಯುತ್ತಿತ್ತೇನೋ. ಆದರೆ ಟ್ಯಾಬ್ಲೆಟ್‌ಗೂ ಹಳೆಯ ಮಾಹಿತಿ ಅನ್ನುವ ರೋಗ ಇದೆ. ವಾಯುಪ್ರದೇಶದ ನಕ್ಷೆ 28 ದಿನಕ್ಕೊಮ್ಮೆ ಪರಿಷ್ಕರಣೆ ಆಗುತ್ತದೆ. ನಡುವೆ ಬರುವ ತಾತ್ಕಾಲಿಕ ಬದಲಾವಣೆಗೆ 'ನೋಟಾಮ್' ಅಂತ ಪ್ರತ್ಯೇಕ ಪ್ರಕಟಣೆ. 2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾ ಪ್ರದರ್ಶನಕ್ಕಾಗಿ ದೇವನಹಳ್ಳಿಯ ಆಕಾಶವನ್ನೇ ದಿನದ ಕೆಲವು ಹೊತ್ತು ಮುಚ್ಚಿದ್ದರು. ಇದನ್ನು ಓದದೆ ಹೊರಟವನಿಗೆ ಹಳೆಯ ನಕ್ಷೆ ದಾರಿ ಖಾಲಿ ಅಂತಲೇ ತೋರಿಸುತ್ತದೆ.

ಸಿಗ್ನಲ್ಲೇ ಸುಳ್ಳು ಹೇಳಿದರೆ? ಇದನ್ನು 'ಸ್ಪೂಫಿಂಗ್' ಅಂತಾರೆ. ಯಾರೋ ನಕಲಿ ಸಿಗ್ನಲ್ ಬಿಟ್ಟರೆ ಯಂತ್ರ ತಾನು ಇನ್ನೆಲ್ಲೋ ಇದ್ದೇನೆ ಅಂದುಕೊಳ್ಳುತ್ತದೆ. ಈ ಬಗ್ಗೆ ಡಿಜಿಸಿಎ 2023ರ ನವೆಂಬರ್‌ನಲ್ಲೇ ಎಚ್ಚರಿಕೆ ಹೊರಡಿಸಿತ್ತು. 2025ರಲ್ಲಿ ದೆಹಲಿ ನಿಲ್ದಾಣದ ಬಳಿ ಇಂಥದ್ದು ನಡೆದಿದ್ದನ್ನು ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಒಪ್ಪಿಕೊಂಡಿತು. ಜಿಪಿಎಸ್ ಹಿಡಿದು ಇಳಿಯುತ್ತಿದ್ದ ಕೆಲವು ವಿಮಾನಗಳಿಗೆ ತೊಂದರೆ ಆಯಿತು, ನೆಲದ ಮೇಲಿನ ಹಳೆಯ ರೇಡಿಯೊ ಸಾಧನ ಬಳಸಿದವು ಸಲೀಸಾಗಿ ಇಳಿದವು. ನಮ್ಮದೇ 'ಗಗನ್' ವ್ಯವಸ್ಥೆ ಇದೆಯಲ್ಲ ಅನ್ನಬಹುದು. ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಅದರ ನಿಯಂತ್ರಣ ಕೇಂದ್ರ ಇರುವುದೂ ಬೆಂಗಳೂರಿನ ಕುಂದಲಹಳ್ಳಿಯಲ್ಲೇ. ಅದು ಜಿಪಿಎಸ್‌ನ ತಪ್ಪು ತಿದ್ದುತ್ತದೆ, ಸಿಗ್ನಲ್ ನಂಬುವ ಹಾಗಿಲ್ಲದಿದ್ದರೆ ಎಚ್ಚರಿಸುತ್ತದೆ. ಆದರೆ ಯಾರಾದರೂ ನಕಲಿ ಸಿಗ್ನಲ್ ಬಿಡುವುದನ್ನು ತಡೆಯುವ ಕೆಲಸ ಅದರದ್ದಲ್ಲ.

ಹಾಗಾಗಿ ತರಬೇತಿಯಲ್ಲಿ ಇವತ್ತಿಗೂ ದಿಕ್ಸೂಚಿ, ಗಡಿಯಾರದ ಪಾಠ ಬಿಟ್ಟಿಲ್ಲ. ಪರದೆಯ ಮೇಲೆ ಕಂಡದ್ದು ಕಿಟಕಿಯಾಚೆಯೂ ಕಾಣುತ್ತಿದೆಯಾ ಅಂತ ಆಗಾಗ ತಾಳೆ ನೋಡಬೇಕು. ಅನುಮಾನ ಬಂದರೆ ಸುಮ್ಮನಿರದೆ ಕಂಟ್ರೋಲರ್‌ಗೆ ಹೇಳಬೇಕು. ಬೈಸಿಕೊಳ್ಳಬೇಕಾದೀತು ಅಂತ ಹಿಂಜರಿಯುವವರು ಇದ್ದೇ ಇರುತ್ತಾರೆ. ಅಷ್ಟರಲ್ಲಿ ರೆಡಾರ್ ಮುಂದೆ ಕೂತವನು ಈ ಗುರುತು ಇಲ್ಲದ ಚುಕ್ಕೆಗಾಗಿ ನೂರಾರು ಜನರಿರುವ ಜೆಟ್ಟನ್ನು ಬದಿಗೆ ತಿರುಗಿಸುತ್ತಿರುತ್ತಾನೆ.

ಇದೇ ಗೆರೆ ಈಗ ಮದುವೆ ಮನೆಗೂ ಬಂದಿದೆ. ಡ್ರೋನ್ ಹಾರಿಸದ ಫೋಟೊದವರು ಹೊಸೂರು, ದೆಂಕಣಿಕೋಟೆ ಕಡೆ ಈಗ ಅಪರೂಪ. 2021ರ ಡ್ರೋನ್ ನಿಯಮದ ಪ್ರಕಾರ ಚಾಲನೆಯಲ್ಲಿರುವ ವಿಮಾನ ನಿಲ್ದಾಣದ ಅಂಚಿನಿಂದ 8ರಿಂದ 12 ಕಿ.ಮೀ. ನಡುವೆ 200 ಅಡಿ ಮೀರಿದರೆ ಅನುಮತಿ ಬೇಕು, 8 ಕಿ.ಮೀ. ಒಳಗೆ ಆದರೆ ನೆಲದಿಂದಲೇ ಬೇಕು. ಸರ್ಕಾರದ 'ಡಿಜಿಟಲ್ ಸ್ಕೈ' ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ಬಣ್ಣ ಹಚ್ಚಿಟ್ಟಿದ್ದಾರೆ. ಕಲ್ಯಾಣ ಮಂಟಪಕ್ಕೆ ಅಡ್ವಾನ್ಸ್ ಕೊಡುವಾಗಲೇ ಆ ಜಾಗ ಯಾವ ಬಣ್ಣದಲ್ಲಿದೆ ಅಂತ ಫೋಟೊದವರನ್ನು ಕೇಳಿಟ್ಟುಕೊಳ್ಳಬಹುದು.