ಎಡಗಣ್ಣಿನ ಆಟ

ಮಾಂಟ್ರಿಯಲ್ ಫೋರಮ್. 1958ರ ಜನವರಿ 18, ಶನಿವಾರ ರಾತ್ರಿ. ಹೊರಗೆ ಮೂಗು ಸೆಟೆಯುವ ಚಳಿ, ಒಳಗೆ ಮೆಟ್ಟಿಲು ಮೆಟ್ಟಿಲಿನಲ್ಲೂ ಜನ. ಕೆಳಗೆ ಇನ್ನೂರು ಅಡಿ ಉದ್ದದ ಮಂಜುಗಡ್ಡೆಯ ಮೇಲೆ ಉಕ್ಕಿನ ಅಲಗುಗಳು ಕರಕರ ಕೊರೆಯುತ್ತಿವೆ. ಬೋಸ್ಟನ್ ಬ್ರೂಯಿನ್ಸ್ ತಂಡದ ಇಪ್ಪತ್ತೆರಡರ ಹುಡುಗನೊಬ್ಬ ಎಡಬದಿಯ ಹಲಗೆಗೋಡೆಗುಂಟ ಬಾಣದ ಹಾಗೆ ಜಾರಿಹೋಗುತ್ತಾನೆ. ಕಣ್ಣಿಟ್ಟು ನೋಡಿದವರಿಗೆ ಒಂದು ವಿಚಿತ್ರ ಕಂಡೀತು: ಐಸ್ ಹಾಕಿಯ ಬಿಲ್ಲೆ, ಪಕ್, ತನ್ನತ್ತ ಬರುವಾಗಲೆಲ್ಲ ಅವನು ಕತ್ತನ್ನು ಬಲಕ್ಕೆ, ಹೆಗಲ ಮೇಲಿನಿಂದ, ಪೂರಾ ತಿರುಗಿಸುತ್ತಿದ್ದಾನೆ.

ಯಾರೂ ಕಣ್ಣಿಟ್ಟು ನೋಡಲಿಲ್ಲ. ನೋಡಿದ್ದು ಅವನ ಬಣ್ಣವನ್ನು. ವಿಲ್ಲಿ ಓರೀ ಅಂದು ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಆಡಿದ ಮೊದಲ ಕಪ್ಪು ಆಟಗಾರನಾದ. ಬ್ರೂಯಿನ್ಸ್ ಮಾಂಟ್ರಿಯಲ್ ತಂಡವನ್ನು 3-0ಯಿಂದ ಸೋಲಿಸಿತು. ಇತಿಹಾಸಕ್ಕೆ ಅಷ್ಟು ಸಾಕು. ನನಗೆ ಮಾತ್ರ ಆ ಕತ್ತಿನದೇ ಧ್ಯಾನ.

ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಫ್ರೆಡರಿಕ್ಟನ್ ಅವನ ಊರು. ಚಳಿಗಾಲದಲ್ಲಿ ಮನೆಯ ಹಿತ್ತಲೇ ರಿಂಕ್ ಆಗುವ ಸೀಮೆ ಅದು. ಹದಿಹರೆಯದಲ್ಲಿ ಬೇಸ್‌ಬಾಲ್ ತಂಡದೊಂದಿಗೆ ನ್ಯೂಯಾರ್ಕಿಗೆ ಹೋದಾಗ ಆ ಆಟದಲ್ಲಿ ಬಣ್ಣದ ಗೋಡೆ ಒಡೆದಿದ್ದ ಜಾಕಿ ರಾಬಿನ್‌ಸನ್‌ನನ್ನು ಕಂಡು, ತಾನು ಹಾಕಿಯನ್ನೂ ಆಡುತ್ತೇನೆ ಎಂದಿದ್ದ. ಮುಂದೆ ಕಿಚನರ್‌ನ ಜೂನಿಯರ್ ತಂಡದಲ್ಲಿದ್ದಾಗ ಪಕ್ ಬಲಗಣ್ಣಿಗೆ ಬಡಿಯಿತು. ಪಕ್ ಎಂದರೆ ಒಂದು ಅಂಗುಲ ದಪ್ಪ, ಮೂರು ಅಂಗುಲ ಅಗಲದ ಗಟ್ಟಿ ರಬ್ಬರ್ ಬಿಲ್ಲೆ. ಆಗ ತಲೆಗೆ ಹೆಲ್ಮೆಟ್ ಹಾಕುವವರೇ ಅಪರೂಪ. ಆ ಕಣ್ಣಿನ ನೋಟ ನೂರಕ್ಕೆ ತೊಂಬತ್ತೈದು ಪಾಲು ಹೋಯಿತು. ಇನ್ನು ಆಟದ ಮಾತು ಬೇಡ ಎಂದರು ವೈದ್ಯರು. ಕೆಲವೇ ವಾರಗಳಲ್ಲಿ ಹುಡುಗ ಮತ್ತೆ ಮಂಜಿನ ಮೇಲಿದ್ದ, ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು. ಒಂಟಿಗಣ್ಣು ಎಂದು ತಿಳಿದರೆ ಲೀಗ್‌ನ ಬಾಗಿಲು ಮುಚ್ಚುತ್ತಿತ್ತು. ಆಗ ಇದ್ದದ್ದೇ ಆರು ತಂಡ.

ಎಡಬದಿಯ ಫಾರ್ವರ್ಡ್‌ಗೆ ಆಟವೆಲ್ಲ ನಡೆಯುವುದು ಬಲಗಡೆ. ಪಾಸ್ ಬರುವುದೂ ಅಲ್ಲಿಂದಲೇ, ಮೈಮೇಲೆ ಎರಗುವ ಎದುರಾಳಿಯೂ ಅಲ್ಲಿಂದಲೇ. ಓರೀಗೆ ಆ ದಿಕ್ಕೆಲ್ಲ ಕತ್ತಲೆ. ಕತ್ತು ತಿರುಗಿಸಿದರೆ ಮುಂದಿನದು ಕಾಣದು, ತಿರುಗಿಸದಿದ್ದರೆ ಪಕ್ ಕಾಣದು. ಕಾಲಿನ ವೇಗವೊಂದೇ ಆ ನಡುವಿನ ಕ್ಷಣಕ್ಕೆ ಆಸರೆ.

1960-61ರಲ್ಲಿ ಬ್ರೂಯಿನ್ಸ್ ಮತ್ತೆ ಕರೆಯಿತು. ಹೊಸ ವರ್ಷದ ದಿನ ಬೋಸ್ಟನ್‌ನಲ್ಲಿ, ಅದೇ ಮಾಂಟ್ರಿಯಲ್ ತಂಡದ ಮೇಲೆ, ಮೊದಲ ಗೋಲು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೇರೆ ಊರುಗಳಲ್ಲಿ ಬೈಗುಳ ಸುರಿಯುತ್ತಿತ್ತು. ಶಿಕಾಗೊದಲ್ಲಿ ಎದುರಾಳಿಯೊಬ್ಬ ಕೋಲಿನ ತುದಿಯಿಂದ ಗುದ್ದಿ ಹಲ್ಲು ಉದುರಿಸಿದ. ಒಟ್ಟು 45 ಪಂದ್ಯ, 4 ಗೋಲು. ಆ ಲೀಗ್‌ನಲ್ಲಿ ಅವನ ಲೆಕ್ಕ ಅಲ್ಲಿಗೆ ಮುಗಿಯಿತು.

ಆಟ ಮುಗಿಯಲಿಲ್ಲ. ಲಾಸ್ ಏಂಜಲೀಸ್‌ನ ಬ್ಲೇಡ್ಸ್ ತಂಡದಲ್ಲಿ ಕೋಚ್ ಅವನನ್ನು ಎಡದಿಂದ ಬಲಬದಿಗೆ ದಾಟಿಸಿದರು. ಒಂದೇ ಒಂದು ಬದಲಾವಣೆ! ಈಗ ಪಕ್ ಎಡಗಡೆಯಿಂದ, ಬೆಳಕಿರುವ ಕಣ್ಣಿನ ಕಡೆಯಿಂದ ಬರತೊಡಗಿತು. 1964-65ರಲ್ಲಿ 38 ಗೋಲು. ನಾಲ್ಕು ವರ್ಷದ ಬಳಿಕ ಸ್ಯಾನ್ ಡಿಯೇಗೊದಲ್ಲಿ ಮತ್ತೆ 38. ಇದನ್ನು ಯಾರಾದರೂ 1958ಕ್ಕೆ ಮುಂಚೆಯೇ ಮಾಡಿದ್ದರೆ ಎಂದು ಅನ್ನಿಸದೆ ಇರದು. ಆದರೆ ಮಾಡಲು ಗುಟ್ಟು ಗೊತ್ತಿರಬೇಕಿತ್ತಲ್ಲ. ನಲವತ್ತಮೂರರವರೆಗೆ, 1979ರ ತನಕ, ಸ್ಕೇಟ್ ಬಿಚ್ಚಲಿಲ್ಲ.

1998ರಿಂದ ಅವರು ಅದೇ ನ್ಯಾಷನಲ್ ಹಾಕಿ ಲೀಗ್‌ನ ರಾಯಭಾರಿಯಾಗಿ ಊರೂರು ತಿರುಗಿ, ಹಾಕಿಯ ಹತ್ತಿರ ಸುಳಿಯದಿದ್ದ ಮಕ್ಕಳ ಕೈಗೆ ಕೋಲು ಕೊಡಿಸಿದರು. 2018ರಲ್ಲಿ ಹಾಲ್ ಆಫ್ ಫೇಮ್ ಸೇರಿದ್ದು ಈ ಕೆಲಸಕ್ಕಾಗಿ, ಆಟಗಾರರ ಸಾಲಿನಲ್ಲಲ್ಲ.

2022ರ ಜನವರಿ 18. ಬೋಸ್ಟನ್ ರಿಂಕಿನ ಮಾಡಿಗೆ 22ನೆಯ ಅಂಕಿಯ ಪತಾಕೆ ಮೆಲ್ಲಗೆ ಏರಿತು. ಇನ್ನು ಆ ಅಂಗಿಯನ್ನು ಬೇರೆ ಯಾರೂ ತೊಡುವಂತಿಲ್ಲ. ಕೋವಿಡ್‌ನ ದಿನಗಳು. ಎಂಬತ್ತಾರರ ಓರೀ ಸ್ಯಾನ್ ಡಿಯೇಗೊದ ಮನೆಯಲ್ಲಿ ಕೂತು ಪರದೆಯ ಮೇಲೆ ನೋಡಿದರು. ಆ ರಾತ್ರಿ ಬ್ರೂಯಿನ್ಸ್ ಕೆರೊಲೈನಾ ತಂಡಕ್ಕೆ 7-1ರಿಂದ ಸೋತಿತು.