ತೊಡೆಗೆ ಕಟ್ಟಿದ ಪಿಸ್ತೂಲು, ತಲೆಗೆ ಹತ್ತಿದ ಸಿನಿಮಾ

ಜಾತ್ರೆ ಬಂತೆಂದರೆ ದಾವಣಗೆರೆ ಸೀಮೆಯ ಹಳ್ಳಿಗಳಲ್ಲಿ ಒಂದು ಸಾಮಾಜಿಕ ನಾಟಕ ಆಗಲೇಬೇಕು. ಕುಕ್ಕುವಾಡವಾಗಲಿ, ಹರಿಹರದ ಕಡೆಯ ಯಾವುದೋ ಊರಾಗಲಿ, ನಾಟಕಕ್ಕೆ ಒಬ್ಬ ಇನ್‌ಸ್ಪೆಕ್ಟರ್ ಬೇಕು, ಒಬ್ಬ ಖಳನಾಯಕ ಬೇಕು, ಇಬ್ಬರ ಸೊಂಟಕ್ಕೂ ಪಿಸ್ತೂಲಿನ ಚೀಲ ಬೇಕು. ಡ್ರೆಸ್ ಬಾಡಿಗೆಗೆ ಕೊಡುವವರು ಖಾಕಿ ಬಟ್ಟೆ, ಟೋಪಿಗಳ ಜೊತೆ ಅದನ್ನೂ ಗಂಟು ಕಟ್ಟಿ ಕಳಿಸುತ್ತಾರೆ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ನಾಟಕ ಕಂಪನಿ ‘ಪೊಲೀಸನ ಮಗಳು’ ಆಡಿದ ಸೀಮೆ ಇದು; ಇಲ್ಲಿ ಹೋಲ್‌ಸ್ಟರ್ ನೋಡದ ಪ್ರೇಕ್ಷಕ ಸಿಗುವುದು ಕಷ್ಟ.

ಆದರೆ ನೋಡಿದ್ದೆಲ್ಲ ರಂಗದ ಮೇಲೆ, ಪರದೆಯ ಮೇಲೆ. 1973ರಲ್ಲಿ ದ್ವಾರಕೀಶ್ ‘ಕೌಬಾಯ್ ಕುಳ್ಳ’ನಾದರು. ಅದೇ ವರ್ಷ ರಾಮನಗರದ ಬಂಡೆಗಳ ನಡುವೆ ‘ಶೋಲೆ’ಯ ಚಿತ್ರೀಕರಣ ಶುರುವಾಗಿ, 1975ರ ಆಗಸ್ಟ್ 15ರಂದು ತೆರೆಗೆ ಬಂತು. ಬಂಡೆಯ ಮೇಲೆ ಗುಂಡುಗಳ ಬೆಲ್ಟ್ ಎಳೆದಾಡುತ್ತ ಬರುವ ಗಬ್ಬರ್ ಸಿಂಗ್ ಎರಡು ತಲೆಮಾರಿಗೆ ಪಾಠ ಹೇಳಿಬಿಟ್ಟ. ಈಗ ಅಮೆರಿಕದ ಪಶ್ಚಿಮ ಸೀಮೆಯ ಮಾದರಿಯ ತೊಗಲ ಹೋಲ್‌ಸ್ಟರ್‌ಗಳನ್ನು ಸಂಗ್ರಹಿಸುವ, ತಾವೇ ಹೊಲಿಯುವ ಹವ್ಯಾಸದವರು ನಮ್ಮಲ್ಲೂ ಇದ್ದಾರೆ. ಅವರ ಬಾಯಲ್ಲಿ ಬರುವ ಮಾತುಗಳಲ್ಲಿ ಅರ್ಧ ಆ ಪಾಠದ್ದೇ.

“ಕೌಬಾಯ್ ಅಂದಮೇಲೆ ಪಿಸ್ತೂಲು ತೊಡೆಯ ಮೇಲೆ ನೇತಾಡಬೇಕು”

ಸೊಂಟದಿಂದ ಗೇಣುದ್ದ ಕೆಳಗಿಳಿದ ಚೀಲ, ಅದರ ತುದಿಯನ್ನು ತೊಡೆಗೆ ಬಿಗಿದ ಬಾರು, ಕಣ್ಣು ಮಿಟುಕಿಸುವಷ್ಟರಲ್ಲಿ ಕೈಗೆ ಬರುವ ರಿವಾಲ್ವರ್. ಇದು 1870ರ ದಶಕದ ದನಗಾಹಿಯ ವೇಷವಲ್ಲ, 1950ರ ದಶಕದ ಹಾಲಿವುಡ್‌ನ ವೇಷ. ಅರ್ವೊ ಒಯಾಲಾ ಎಂಬಾತ ನಟರಿಗೆ ಪಿಸ್ತೂಲು ಎಳೆಯುವುದನ್ನು ಕಲಿಸುತ್ತಿದ್ದ. ಎರಡು ಪದರ ತೊಗಲಿನ ನಡುವೆ ಲೋಹದ ತಗಡು ಸೇರಿಸಿ, ರಿವಾಲ್ವರಿನ ಗುಂಡಿನ ಉರುಳೆ ಚೀಲದೊಳಗೇ ಸಲೀಸಾಗಿ ತಿರುಗುವಂತೆ ಮಾಡಿ, 1958ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ‘ಗನ್‌ಸ್ಮೋಕ್’ ಧಾರಾವಾಹಿಯ ಶುರುವಿನಲ್ಲಿ ವಾರವಾರವೂ ಗುಂಡು ತಿಂದು ಬೀಳುತ್ತಿದ್ದವನೂ ಈತನೇ.

ನಿಜವಾದ ದನಗಾಹಿಗೆ ಇದ್ದ ಚಿಂತೆ ಬೇರೆ. ದಿನವಿಡೀ ಕುದುರೆಯ ಮೇಲೆ, ಮುಳ್ಳುಪೊದೆಗಳ ನಡುವೆ, ಹಗ್ಗ ಬೀಸುತ್ತ ಕೆಲಸ ಮಾಡುವವನಿಗೆ ಸುಮಾರು ಒಂದು ಕಿಲೋ ತೂಗುವ ಕಬ್ಬಿಣ ಎಲ್ಲೂ ಉದುರಿ ಬೀಳಬಾರದು. ಹಾಗಾಗಿ ಅದು ಸೊಂಟದ ಮಟ್ಟಕ್ಕೇ, ಆಳವಾದ ಚೀಲದಲ್ಲಿ ಹುದುಗಿರುತ್ತಿತ್ತು. 1850ರ ದಶಕದ ಕ್ಯಾಲಿಫೋರ್ನಿಯಾ ಮಾದರಿ ಪಿಸ್ತೂಲಿನ ಆಕಾರಕ್ಕೇ ಅಂಟಿಕೊಂಡ ಸಪೂರ ಚೀಲ. 1870ರ ದಶಕದಲ್ಲಿ ಬಳಕೆಗೆ ಬಂದ ‘ಮೆಕ್ಸಿಕನ್ ಲೂಪ್’ ನನ್ನ ದೃಷ್ಟಿಯಲ್ಲಿ ಈ ಕಸುಬಿನ ಅತಿ ಜಾಣ ವಿನ್ಯಾಸ. ಒಂದೇ ತುಂಡು ತೊಗಲಿನಲ್ಲಿ ಚೀಲವನ್ನೂ ಅಗಲವಾದ ಬೆನ್ನುಪಟ್ಟಿಯನ್ನೂ ಕೊಯ್ದು, ಬೆನ್ನುಪಟ್ಟಿಯನ್ನು ಹಿಂದಕ್ಕೆ ಮಡಿಸಿ, ಅದರಲ್ಲಿ ಸೀಳಿದ ಕಂಡಿಗಳೊಳಗೆ ಚೀಲವನ್ನು ತೂರಿಸುತ್ತಾರೆ. ಮಡಿಕೆಯೊಳಗೆ ಬೆಲ್ಟ್ ಹೋಗುತ್ತದೆ. ಅಂಚಿನ ಒಂದು ಹೊಲಿಗೆ ಬಿಟ್ಟರೆ ಮೊಳೆಯಿಲ್ಲ, ಬಕ್ಕಲಿಲ್ಲ. ಇದರಿಂದ ಪಿಸ್ತೂಲು ಎಳೆಯುವುದು ನಿಧಾನವೇ. ಆ ನಿಧಾನದಿಂದ ಅವನಿಗೇನೂ ನಷ್ಟವಿರಲಿಲ್ಲ.

ಇನ್ನೂ ಹಿಂದೆ ಹೋದರೆ ಚೀಲ ಸೊಂಟದಲ್ಲೇ ಇರಲಿಲ್ಲ, ಕುದುರೆಯ ಜೀನಿನ ಮುಂಭಾಗದಲ್ಲಿ ಜೋಡಿಯಾಗಿ ನೇತಾಡುತ್ತಿತ್ತು. 1847ರ ಕೋಲ್ಟ್ ವಾಕರ್ ರಿವಾಲ್ವರ್ ಎರಡು ಕಿಲೋ ತೂಗುತ್ತಿತ್ತು. ಅದನ್ನು ಕುದುರೆ ಹೊತ್ತರೇ ಚೆನ್ನ.

“ಅಲ್ಲಿ ಎಲ್ಲರೂ ಹಗಲೆಲ್ಲ ಪಿಸ್ತೂಲು ಕಟ್ಟಿಕೊಂಡೇ ತಿರುಗುತ್ತಿದ್ದರು”

ಅನೇಕ ಊರುಗಳಲ್ಲಿ ಅದು ಅಪರಾಧವಾಗಿತ್ತು. ಅರಿಜೋನಾದ ಟೂಂಬ್‌ಸ್ಟೋನ್ ಪಟ್ಟಣ 1881ರ ಏಪ್ರಿಲ್‌ನಲ್ಲಿ ಊರೊಳಗೆ ಆಯುಧ ಒಯ್ಯುವುದನ್ನು ನಿಷೇಧಿಸಿತು. ಆ ವರ್ಷದ ಅಕ್ಟೋಬರ್ 26ರಂದು ನಡೆದ, ನೂರಾರು ಸಿನಿಮಾಗಳಿಗೆ ಅನ್ನ ಹಾಕಿದ ಓ.ಕೆ. ಕೊರಾಲ್ ಗುಂಡಿನ ಕಾಳಗಕ್ಕೆ ಒಂದು ನೆಪ ಈ ನಿಯಮದ ಉಲ್ಲಂಘನೆಯೇ. ಅಂದು ಆ ಕಾಳಗದ ನಾಯಕನೆನಿಸಿದ ವಯಟ್ ಅರ್ಪ್‌ನ ಪಿಸ್ತೂಲು ಎಲ್ಲಿತ್ತು? ಕೋರ್ಟಿನಲ್ಲಿ ಅವನೇ ಕೊಟ್ಟ ಹೇಳಿಕೆಯ ಪ್ರಕಾರ, ಓವರ್‌ಕೋಟಿನ ಜೇಬಿನಲ್ಲಿ.

“ಹೋಲ್‌ಸ್ಟರ್, ಬೆಲ್ಟ್ ಎಲ್ಲ ಅಮೆರಿಕದ ಸರಕು, ನಮಗೇನು ಸಂಬಂಧ?”

ನಮ್ಮ ಪೊಲೀಸ್ ಅಧಿಕಾರಿಗಳು ಪರೇಡಿನಲ್ಲಿ ಹಾಕುವ, ಭುಜದ ಮೇಲಿಂದ ಅಡ್ಡ ಬರುವ ಕ್ರಾಸ್ ಬೆಲ್ಟ್ ನೋಡಿ. ಅದು ಹುಟ್ಟಿದ್ದು ಭಾರತದಲ್ಲಿ. ಬರಾಕ್‌ಪುರದಲ್ಲಿ ಹುಟ್ಟಿದ ಬ್ರಿಟಿಷ್ ಅಧಿಕಾರಿ ಸ್ಯಾಮ್ ಬ್ರೌನ್, 1858ರ ಆಗಸ್ಟ್ 31ರಂದು ಪಿಲಿಭಿತ್ ಬಳಿಯ ಕಾಳಗದಲ್ಲಿ ಎಡಗೈ ಕಳೆದುಕೊಂಡ. ಕತ್ತಿಯ ಒರೆಯನ್ನು ಹಿಡಿದುಕೊಳ್ಳಲು ಇನ್ನೊಂದು ಕೈ ಇಲ್ಲದಿದ್ದಾಗ ಸೊಂಟದ ಬೆಲ್ಟಿಗೆ ಭುಜದ ಪಟ್ಟಿಯೊಂದನ್ನು ಜೋಡಿಸಿ ಭಾರವನ್ನು ಹೊರಿಸಿದ. ಪಿಸ್ತೂಲಿನ ಚೀಲವೂ ಅದರ ಮೇಲೇ ಕೂತಿತು. ಮುಂದೆ ಜಗತ್ತಿನ ಅರ್ಧ ಸೈನ್ಯಗಳು ಇದನ್ನು ನಕಲು ಮಾಡಿದವು. ನಾಟಕದ ಇನ್‌ಸ್ಪೆಕ್ಟರ್ ಬಾಡಿಗೆಗೆ ತರುವುದು ಬ್ರೌನನ ಬೆಲ್ಟನ್ನು. ಖಳನಾಯಕ ತರುವುದು ಒಯಾಲಾನ ಚೀಲವನ್ನು.

ಆಯುಧವನ್ನು ಮೈಮೇಲೆ ಹೊರುವ ಜಾಣ್ಮೆ ಕೊಡಗಿನಲ್ಲೂ ಇದೆ. ಕುಪ್ಪಸ ತೊಟ್ಟ ಕೊಡವರು ಪೀಚೆಕತ್ತಿಯನ್ನು ಮುಂದೆ ಚೇಲೆ ಎಂಬ ಸೊಂಟಪಟ್ಟಿಗೆ ಸಿಕ್ಕಿಸಿಕೊಂಡರೆ, ಬಾಗಿದ ಅಗಲ ಅಲಗಿನ ಒಡಿಕತ್ತಿ ಬೆನ್ನ ಹಿಂದೆ ತೊಡಂಗ್ ಎಂಬ ಲೋಹದ ಹಿಡಿಕೆಯಲ್ಲಿ ಕೂರುತ್ತದೆ. ಚೀಲವಿಲ್ಲ, ಮುಚ್ಚಳವಿಲ್ಲ, ಆದರೂ ಬೀಳುವುದಿಲ್ಲ.

“ಮೆತ್ತಗಿದ್ದಷ್ಟೂ ತೊಗಲು ಒಳ್ಳೆಯದು”

ಹೊಸದಾಗಿ ಹೊಲಿಯಲು ಹೊರಟವರು ಹಣ ಕಳೆದುಕೊಳ್ಳುವುದು ಈ ನಂಬಿಕೆಯಿಂದಲೇ. ಅಂಗಡಿಯಲ್ಲಿ ಕೈಗೆ ಬೆಣ್ಣೆಯಂತೆ ಹತ್ತುವ ಜಾಕೆಟ್ ತೊಗಲು ಸಾಮಾನ್ಯವಾಗಿ ಕ್ರೋಮಿಯಂ ಲವಣದಿಂದ ಹದ ಮಾಡಿದ್ದು. ಅದಕ್ಕೆ ನೀರು ಹತ್ತಿದರೂ ಒಣಗಿದ ಮೇಲೆ ಮೊದಲಿನ ಸಡಿಲಕ್ಕೇ ಮರಳುತ್ತದೆ. ಹೋಲ್‌ಸ್ಟರ್‌ಗೆ ಬೇಕಾದದ್ದು ಒಮ್ಮೆ ಕೊಟ್ಟ ಆಕಾರವನ್ನು ಬಿಡದ ತೊಗಲು. ಅದು ಸಿಗುವುದು ತೊಗಟೆ, ಕಾಯಿಗಳ ಒಗರಿನಲ್ಲಿ ವಾರಗಟ್ಟಲೆ ನೆನೆದ ಚರ್ಮದಿಂದ ಮಾತ್ರ. ಜಾಲಿಯ ತೊಗಟೆ, ಅಳಲೆಕಾಯಿ, ನಮ್ಮ ಬಯಲಿನಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ತಂಗಡಿ ಗಿಡದ ತೊಗಟೆ ಎಲ್ಲವೂ ಈ ಕೆಲಸದವೇ.

ಇಲ್ಲೊಂದು ತಮಾಷೆಯಿದೆ. ನಮ್ಮ ಕಡೆ ಕ್ರೋಮ್ ತೊಗಲಿನ ಪ್ರಯೋಗಕ್ಕೆ ಕಾರಣವಾದ ವಸ್ತುಗಳಲ್ಲಿ ಬಾವಿಯೂ ಒಂದು. ಕಪಿಲೆಯಲ್ಲಿ ಎತ್ತು ಹೂಡಿ ನೀರೆತ್ತುವ ತೊಗಲ ಚೀಲ ಸದಾ ನೀರಿನಲ್ಲೇ ಇದ್ದು ಬೇಗ ಕೊಳೆಯುತ್ತಿತ್ತು. 20ನೇ ಶತಮಾನದ ಆರಂಭದಲ್ಲಿ ಮದರಾಸಿನಲ್ಲಿ ಆಲ್ಫ್ರೆಡ್ ಚಾಟರ್ಟನ್ ಕ್ರೋಮ್ ಹದ ಶುರುಮಾಡಿದಾಗ, ಆ ತೊಗಲಿನಿಂದ ನೀರೆತ್ತುವ ಚೀಲ ಮಾಡಿಸಿ ನೋಡಿದ. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನಾದವನೂ ಈತನೇ. ನೀರಿಗೆ ಜಗ್ಗದ, ಮೆತ್ತನೆಯ ಚೀಲ ಬಾವಿಗೆ ಸರಿ. ಪಿಸ್ತೂಲಿಗೆ ಅದೇ ಗುಣ ದೋಷ.

ತೊಗಲಿನ ದಪ್ಪ ಮೂರರಿಂದ ನಾಲ್ಕು ಮಿಲಿಮೀಟರ್ ಇದ್ದರೆ ಸಾಕು. ಕತ್ತರಿಸಿ ಹೊಲಿದ ಮೇಲೆ ಉಗುರುಬೆಚ್ಚನೆ ನೀರಿನಲ್ಲಿ ಅದ್ದಿ, ಮೇಲ್ಮೈ ಮತ್ತೆ ತನ್ನ ಬಣ್ಣಕ್ಕೆ ತಿರುಗುವವರೆಗೆ ಬಿಟ್ಟು, ಆಮೇಲೆ ಒಳಗೆ ಅಚ್ಚಿಟ್ಟು ಬೆರಳಿನಿಂದ ಒತ್ತುತ್ತ ಹೋಗಬೇಕು. ಅಚ್ಚಿಗೆ ನಿಜವಾದ ಪಿಸ್ತೂಲೇ ಬೇಕೆಂಬುದೂ ಭ್ರಮೆ. ಬಡಗಿಯಿಂದ ಅಳತೆಗೆ ಕೆತ್ತಿಸಿದ ಮರದ ತುಂಡು ಸಾಕು. ತುಕ್ಕಿನ ಭಯವೂ ಇಲ್ಲ, ಕಾನೂನಿನ ತಂಟೆಯೂ ಇಲ್ಲ. ಒಣಗಿಸುವುದು ನೆರಳಿನಲ್ಲಿ. ಏಪ್ರಿಲ್‌ನ ದಾವಣಗೆರೆ ಬಿಸಿಲಿಗೆ ತಗಡಿನ ಮೇಲಿಟ್ಟರೆ ಸಂಜೆಗೆ ಮುರುಟಿದ ಹಪ್ಪಳವನ್ನೇ ಎತ್ತಿಕೊಳ್ಳಬೇಕಾದೀತು.

ಹೊಲಿಗೆಗೆ ಮೇಣ ಹಚ್ಚಿದ ಒಂದೇ ದಾರ, ಅದರ ಎರಡು ತುದಿಗೆ ಎರಡು ಸೂಜಿ. ಒಂದೇ ತೂತಿನಲ್ಲಿ ಎರಡೂ ಎದುರುಬದುರಾಗಿ ಹಾಯುತ್ತವೆ. ಒಂದು ಹೊಲಿಗೆ ಸವೆದು ಕಿತ್ತರೂ ಪಕ್ಕದವು ಕಚ್ಚಿಕೊಂಡಿರುತ್ತವೆ. ಯಂತ್ರದ ಹೊಲಿಗೆಗೆ ಆ ಭರವಸೆಯಿಲ್ಲ.

ಇಷ್ಟಕ್ಕೂ ವಿದೇಶದಿಂದ ಪುಸ್ತಕ ತರಿಸಿ ಕಲಿಯಬೇಕೆ? ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದಂತೆ 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕೊಲ್ಹಾಪುರಿ ಚಪ್ಪಲಿಯ ತೊಗಲು ಹದವಾಗುವುದು ಇದೇ ತೊಗಟೆ-ಕಾಯಿಗಳ ಒಗರಿನಲ್ಲಿ. ಚರ್ಮ ಕುಶಲಕರ್ಮಿಗಳಿಗಾಗಿ ರಾಜ್ಯ ಸರ್ಕಾರದ ಲಿಡ್ಕರ್ ನಿಗಮ 1976ರಿಂದ ಇದೆ. ಕುಕ್ಕುವಾಡದ ಸುತ್ತ ಭದ್ರಾ ನಾಲೆ, ಕಬ್ಬು, ಸಕ್ಕರೆ ಕಾರ್ಖಾನೆ, ಟ್ರಾಕ್ಟರ್ ಬಂದಮೇಲೆ ಎತ್ತಿನ ಮಿಣಿ, ಬಾರುಕೋಲುಗಳಿಗೆ ಗಿರಾಕಿ ಇಲ್ಲದಾಯಿತು. ರಂಪಿಗೆ ಹಿಡಿದ ಕೈಯನ್ನು ಊರ ಹೊರಗೆ ನಿಲ್ಲಿಸಿದ ಸಮಾಜವೇ ಈಗ ‘ಹ್ಯಾಂಡ್‌ಮೇಡ್’ ಎಂಬ ಚೀಟಿ ಅಂಟಿಸಿದ ಅದೇ ಕೆಲಸಕ್ಕೆ ಸಾವಿರಗಟ್ಟಲೆ ಕೊಡುತ್ತದೆ. ಸಮಗಾರ ಹರಳಯ್ಯನ ನಾಡಿನಲ್ಲಿ ಇದು ನಾಚಿಕೆಯ ಮಾತು.

“ಎಣ್ಣೆ ಕುಡಿಸಿದಷ್ಟೂ ಬಾಳಿಕೆ”

ಚಪ್ಪಲಿಗೆ ಇರಬಹುದು. ಹೋಲ್‌ಸ್ಟರ್‌ಗೆ ಎಣ್ಣೆ ಹೆಚ್ಚಾದರೆ ಒತ್ತಿ ಕೂರಿಸಿದ ಆಕಾರವೇ ಕರಗಿ, ಬಾಯಿ ಜೋಲುಬೀಳುತ್ತದೆ. ತೆಳುವಾಗಿ ಒಮ್ಮೆ ಸವರಿ, ಮೇಲೆ ಮೇಣ ತಿಕ್ಕಿದರೆ ಮುಗಿಯಿತು.

“ಕಪ್ಪಗೆ ಬಿರುಕು ಬಿಟ್ಟಿದ್ದರೆ ನೂರು ವರ್ಷ ಹಳೆಯದು”

ಚಹಾದ ಡಿಕಾಕ್ಷನ್, ಬೂಟ್ ಪಾಲಿಶ್, ಒಂದು ವಾರದ ಬಿಸಿಲು ಇದ್ದರೆ ಯಾರು ಬೇಕಾದರೂ ನೂರು ವರ್ಷ ತಯಾರಿಸಬಹುದು. ಸಂಗ್ರಾಹಕ ಬಿರುಕು ನೋಡುವ ಮೊದಲು ದಾರ ನೋಡಬೇಕು. ನೈಲಾನ್ ಬಂದದ್ದು 1930ರ ದಶಕದ ಕೊನೆಗೆ. ಅದರಲ್ಲಿ ಹೊಲಿದ ಚೀಲ ಹಳೆಯ ಪಶ್ಚಿಮ ಸೀಮೆಯ ಬಿಲ್ಲಿ ದಿ ಕಿಡ್‌ನ ಕಾಲದ್ದಾಗಲಾರದು. ಟಿಚ್ ಬಟನ್‌ಗೆ ಜರ್ಮನಿಯಲ್ಲಿ ಪೇಟೆಂಟ್ ಸಿಕ್ಕಿದ್ದು 1885ರಲ್ಲಿ. ಅದಿರುವ ಚೀಲವನ್ನು 1870ರ ಅಸಲಿ ಎಂದು ಮಾರುವವನಿಗೆ ನಮಸ್ಕಾರ ಹೇಳಿ ಬನ್ನಿ. ಕೊಯ್ದ ಅಂಚನ್ನೂ ನೋಡಿ. ಒಳಗೆಲ್ಲ ಕಂದು ಇದ್ದರೆ ತೊಗಟೆಯ ಹದ. ನಡುವೆ ನೀಲಿ-ಬೂದು ಗೆರೆ ಕಂಡರೆ ಕ್ರೋಮ್. ಅಮೆರಿಕದಲ್ಲಿ ಕ್ರೋಮ್ ಹದಕ್ಕೆ ಷುಲ್ಟ್ಸ್ ಎಂಬಾತ ಪೇಟೆಂಟ್ ಪಡೆದದ್ದೇ 1884ರಲ್ಲಿ.

ಅಮೆರಿಕದ ಹೆಸರಾಂತ ಜೀನು ತಯಾರಕರಾದ ಹೀಸರ್‌ನ ಡೆನ್ವರ್ ಮುದ್ರೆ, ಮಿಯಾನಿಯ ಶೈಯೆನ್ ಮುದ್ರೆ ಇದ್ದ ಮಾತ್ರಕ್ಕೂ ನಂಬಬೇಡಿ. ಮುದ್ರೆ ಕೊರೆಸುವುದು ಸುಲಭ. ನಮ್ಮಲ್ಲಿ ಹುಡುಕುವವರಿಗೆ ನನ್ನ ಸಲಹೆ, ಕಾನ್ಪುರದಲ್ಲಿ ಬ್ರಿಟಿಷ್ ಸರ್ಕಾರ ಕಟ್ಟಿದ ಜೀನು-ಸಜ್ಜಿನ ಕಾರ್ಖಾನೆಯ ಮಾಲಿನ ಮೇಲೆ ಕಣ್ಣಿಡಿ. ಸೈನ್ಯಕ್ಕಾಗಿ ತಯಾರಾದ, ಮುಚ್ಚಳವಿರುವ ಗಟ್ಟಿ ಚೀಲಗಳವು. ನೋಡಲು ಅಂದವಿಲ್ಲ, ಆದರೆ ಅವುಗಳ ಇತಿಹಾಸ ನಮ್ಮದು.

“ಲೈಸೆನ್ಸ್ ಇದ್ದರೆ ಎದ್ದು ಕಾಣುವಂತೆ ಕಟ್ಟಿಕೊಳ್ಳಬಹುದು”

ಕಟ್ಟಿಕೊಳ್ಳುವಂತಿಲ್ಲ. 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಅದಕ್ಕೆಂದೇ ಮಾಡಿದ ಹೋಲ್‌ಸ್ಟರ್ ಅಥವಾ ಅಂಥದೇ ಚೀಲದಲ್ಲಿರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲಿರಬೇಕು. ಝಳಪಿಸುವುದು ನಿಷಿದ್ಧ. ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದೇ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕಿಳಿಸಿತು. ಹಂದಿ ಕಾಟಕ್ಕೆಂದು ಬೆಳೆ ರಕ್ಷಣೆಯ ಬಂದೂಕು ಇಟ್ಟುಕೊಂಡ ನಮ್ಮ ರೈತರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಚುನಾವಣೆ ಬಂತೆಂದರೆ ಠಾಣೆಗೆ ಒಯ್ದು ಒಪ್ಪಿಸುವವರು ಅವರೇ. ಗೊತ್ತಿಲ್ಲದಿರುವುದು ರೀಲ್ಸ್ ಮಾಡುವ ಹುಡುಗರಿಗೆ.

ಖಾಲಿ ತೊಗಲ ಚೀಲ ಆಯುಧವಲ್ಲ, ಅದನ್ನು ಹೊಲಿಯಲು, ಕೊಳ್ಳಲು ಲೈಸೆನ್ಸ್ ಬೇಡ. ಆದರೆ ಹಳೆಯ ಬೆಲ್ಟ್ ಕೊಂಡಾಗ ಅದರ ಕುಣಿಕೆಗಳಲ್ಲಿ ಜೀವಂತ ಗುಂಡು ಉಳಿದಿದ್ದರೆ ಅದು ಮದ್ದುಗುಂಡು. ಲೈಸೆನ್ಸ್ ಇಲ್ಲದೆ ಮನೆಯಲ್ಲಿಡುವುದು ಅಪರಾಧ. ಕೊಳ್ಳುವ ಮುಂಚೆ ಒಂದೊಂದೇ ಕುಣಿಕೆ ನೋಡಿಕೊಳ್ಳಿ.

“ಪಿಸ್ತೂಲಿಗೆ ಅದರ ಚೀಲವೇ ಸುರಕ್ಷಿತ ಮನೆ”

ಒಯ್ಯುವಾಗ ಹೌದು, ಇಡುವಾಗ ಅಲ್ಲ. ತೊಗಲು ಮಳೆಗಾಲದ ತೇವವನ್ನು ಹೀರಿ ಹಿಡಿದಿಡುತ್ತದೆ, ಹದದ ಒಗರಿನಲ್ಲಿ ಆಮ್ಲವೂ ಇರುತ್ತದೆ. ತಿಂಗಳುಗಟ್ಟಲೆ ಒಳಗೇ ಬಿಟ್ಟ ಉಕ್ಕಿಗೆ ತುಕ್ಕು ಹಿಡಿಯುತ್ತದೆ, ಬೆಲ್ಟಿನಲ್ಲಿ ಸಿಕ್ಕಿಸಿದ ಹಿತ್ತಾಳೆಯ ತೋಟಾಗಳಿಗೆ ಹಸಿರು ಕಿಲುಬು ಕಟ್ಟುತ್ತದೆ. ಪಿಸ್ತೂಲು ಎಣ್ಣೆ ಒರೆಸಿಕೊಂಡು ಬೀಗದ ಪೆಟ್ಟಿಗೆಯಲ್ಲಿರಲಿ. ಚೀಲ ಬೇರೆಯೇ, ಗಾಳಿಯಾಡುವ ಕಡೆ, ಒಳಗೆ ಹತ್ತಿಬಟ್ಟೆ ತುರುಕಿಕೊಂಡಿರಲಿ. ಪ್ಲಾಸ್ಟಿಕ್ ಕವರಿನಲ್ಲಿ ಮಾತ್ರ ಕಟ್ಟಿಡಬೇಡಿ, ಶ್ರಾವಣ ಕಳೆಯುವುದರೊಳಗೆ ಬೂಸ್ಟು ಹಿಡಿದಿರುತ್ತದೆ.